ಮಳೆಗಾಲ ಕಳೆದ ಮೇಲೆ ನಿಧಾನವಾದ ಹಾರ್ಡ್ ಡಿಸ್ಕ್: ಯುಎಸ್‌ಬಿ ಕುರಿತು ಪ್ರಶ್ನೋತ್ತರ

ಪ್ರಶ್ನೆ (ಹೊಸನಗರ ತಾಲ್ಲೂಕು):
ನಮಸ್ಕಾರ. ನಾನು ನಿವೃತ್ತ ಪ್ರೌಢಶಾಲಾ ಶಿಕ್ಷಕ. ನಮ್ಮ ಸೀಮೆಯಲ್ಲಿ ನಡೆದ ಬಯಲಾಟ, ತಾಳಮದ್ದಳೆಗಳನ್ನು ಹಲವು ವರ್ಷಗಳಿಂದ ಚಿತ್ರೀಕರಿಸಿ ಒಂದು ಟೆರಾಬೈಟಿನ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕಿನಲ್ಲಿ ಇಟ್ಟುಕೊಂಡಿದ್ದೇನೆ. ಒಂದು ರಾತ್ರಿಯ ಆಟವೆಂದರೆ ಸುಮಾರು 50 ಜಿಬಿ. ಕಳೆದ ಬೇಸಿಗೆಯವರೆಗೆ ಇಷ್ಟು ಡಿಸ್ಕಿನಿಂದ ಕಂಪ್ಯೂಟರಿಗೆ ಬರಲು ಎಂಟೊಂಬತ್ತು ನಿಮಿಷ ಸಾಕಿತ್ತು. ಈಗ ಇಪ್ಪತ್ತೈದು ನಿಮಿಷ ಹಿಡಿಯುತ್ತಿದೆ. ಮಗನ ಸ್ನೇಹಿತರೊಬ್ಬರು ವಿಂಡೋಸ್ 10 ಅನ್ನು ಹೊಸದಾಗಿ ಹಾಕಿಕೊಟ್ಟರೂ ವ್ಯತ್ಯಾಸವಾಗಲಿಲ್ಲ. ಪೇಟೆಯ ಅಂಗಡಿಯೊಂದರಲ್ಲಿ, ಡಿಸ್ಕ್ ಹೋಗುವ ಹಂತದಲ್ಲಿದೆ, ಹೊಸದನ್ನು ಕೊಳ್ಳಿ ಎಂದರು. ಇದರಲ್ಲಿರುವ ಕೆಲವು ಕಲಾವಿದರು ಈಗ ನಮ್ಮೊಡನಿಲ್ಲ. ಆದ್ದರಿಂದ ದುಡುಕದೆ ಕೇಳುತ್ತಿದ್ದೇನೆ: ನಿಜವಾಗಿ ಕೆಟ್ಟಿರುವುದು ಯಾವುದು?

ಉತ್ತರ (ಶಿವಮೊಗ್ಗ, ಕಂಪ್ಯೂಟರ್ ದುರಸ್ತಿ ವೃತ್ತಿಯವರು):
ಮೇಷ್ಟ್ರೇ, ನೀವು ಸಮಯವನ್ನು ಅಳೆದು ಬರೆದಿದ್ದರಿಂದ ಅರ್ಧ ಉತ್ತರ ನಿಮ್ಮ ಪ್ರಶ್ನೆಯಲ್ಲೇ ಸಿಕ್ಕಿತು. 50 ಜಿಬಿಯನ್ನು ಇಪ್ಪತ್ತೈದು ನಿಮಿಷಕ್ಕೆ ಭಾಗಿಸಿದರೆ ಸೆಕೆಂಡಿಗೆ 33 ಎಂಬಿ ಬರುತ್ತದೆ. ಸಾಯುತ್ತಿರುವ ಡಿಸ್ಕ್ ಹೀಗೆ ಒಂದೇ ಸಮನೆ ಓಡುವುದು ಅಪರೂಪ. ಅದು ಒಮ್ಮೆ 90ಕ್ಕೆ ಏರುತ್ತದೆ, ಮರುಗಳಿಗೆ ಸೊನ್ನೆಗೆ ಇಳಿದು ಕಂಪ್ಯೂಟರನ್ನೇ ಕಟ್ಟಿಹಾಕುತ್ತದೆ. ಮೊದಲಿನಿಂದ ಕೊನೆಯವರೆಗೆ 30ರಿಂದ 40ರ ನಡುವೆ ನಿಂತ ವೇಗ ಹೆಚ್ಚಾಗಿ ಒಂದೇ ಸಂಗತಿಯನ್ನು ಹೇಳುತ್ತದೆ: ನಿಮ್ಮ ಡಿಸ್ಕ್ ಯುಎಸ್‌ಬಿ 3ರ ದಾರಿಯನ್ನು ಬಿಟ್ಟು ಯುಎಸ್‌ಬಿ 2ರ ದಾರಿಯಲ್ಲಿ ಬರುತ್ತಿದೆ.

2000ದಲ್ಲಿ ಬಂದ ಯುಎಸ್‌ಬಿ 2ರ ವೇಗ ಸೆಕೆಂಡಿಗೆ 480 ಮೆಗಾಬಿಟ್. ಎಂಟು ಬಿಟ್‌ಗೆ ಒಂದು ಬೈಟ್ ಎಂಬ ಲೆಕ್ಕದಲ್ಲಿ ಇದು 60 ಎಂಬಿ. ಎರಡೂ ಕಡೆಯ ಯಂತ್ರಗಳು ತಮ್ಮೊಳಗೆ ನಡೆಸುವ ಮಾತುಕತೆಗೆ ಹೋಗುವ ಪಾಲನ್ನು ಕಳೆದರೆ ಕೈಗೆ ಸಿಗುವುದು ಮೂವತ್ತು ನಲವತ್ತು ಮಾತ್ರ. 2008ರಲ್ಲಿ ಪ್ರಕಟವಾದ ಯುಎಸ್‌ಬಿ 3.0ರ ವೇಗ 5 ಗಿಗಾಬಿಟ್. ಅಲ್ಲಿ ದಾರಿ ಎಷ್ಟು ಅಗಲವೆಂದರೆ, ಒಳಗೆ ತಟ್ಟೆ ತಿರುಗುವ ನಿಮ್ಮಂಥ ಡಿಸ್ಕ್ ತನ್ನ ಪೂರ್ಣ ಶಕ್ತಿಯಾದ ನೂರು, ನೂರಿಪ್ಪತ್ತು ಎಂಬಿಯಲ್ಲಿ ಓಡಿದರೂ ಅದರ ಮೂಲೆ ತುಂಬುವುದಿಲ್ಲ. ಬೇಸಿಗೆಯಲ್ಲಿ ನೀವು ಕಂಡದ್ದು ಆ ವೇಗ.

ಇದರಲ್ಲಿ ಜನರನ್ನು ದಾರಿತಪ್ಪಿಸುವ ಸಂಗತಿಯೊಂದಿದೆ. ಯುಎಸ್‌ಬಿ 3ರ ಕೇಬಲ್ಲಿನ ತುದಿಯನ್ನು ಬೆಳಕಿಗೆ ಹಿಡಿದು ನೋಡಿ. ಮುಂದೆ ನಾಲ್ಕು ಅಗಲವಾದ ಲೋಹದ ಪಟ್ಟಿಗಳಿವೆ, ಅವುಗಳ ಹಿಂದೆ ಒಳಗಡೆ ಐದು ಸಣ್ಣವು ಇವೆ. ನಾಲ್ಕು ಪಟ್ಟಿಗಳು ಹಳೆಯ ಯುಎಸ್‌ಬಿ 2ಕ್ಕೆ ಸೇರಿದವು, ಐದು ಹೊಸ ವೇಗಕ್ಕೆ ಸೇರಿದವು. ಆ ಐದರಲ್ಲಿ ಸಂಪರ್ಕ ಸರಿಯಾಗದಿದ್ದರೆ ಕಂಪ್ಯೂಟರ್ ಯಾವ ಎಚ್ಚರಿಕೆಯನ್ನೂ ಕೊಡದೆ ಉಳಿದ ನಾಲ್ಕರ ಮೇಲೆ ಕೆಲಸ ಮುಂದುವರಿಸುತ್ತದೆ. ಆಗುಂಬೆ ಘಾಟಿಯಲ್ಲಿ ಗುಡ್ಡ ಕುಸಿದರೆ ಬಸ್ಸು ಸುತ್ತು ದಾರಿ ಹಿಡಿದು ಬಂದಂತೆ, ಕಡತವೂ ಬರುತ್ತದೆ, ಆದರೆ ತಡವಾಗಿ ಬರುತ್ತದೆ. ಕೆಲಸ ನಿಲ್ಲದ ಕಾರಣ ಯಾರೂ ಕೇಬಲ್ಲನ್ನು ಅನುಮಾನಿಸುವುದಿಲ್ಲ. ವಿಂಡೋಸನ್ನು ಬದಲಿಸುತ್ತಾರೆ, ಡಿಸ್ಕನ್ನು ಬದಲಿಸುತ್ತಾರೆ.

ಆದ್ದರಿಂದ ದಯವಿಟ್ಟು ಈ ಕ್ರಮದಲ್ಲಿ ನೋಡಿ. ಮೊದಲು, ಬೇರೆಲ್ಲೂ ಪ್ರತಿಯಿಲ್ಲದ ದಾಖಲೆಗಳನ್ನು, ನಿಧಾನವಾದರೂ ಸರಿ, ಇಂದೇ ಇನ್ನೊಂದು ಕಡೆ ನಕಲು ಮಾಡಿಕೊಳ್ಳಿ. ನಂತರ ಡಿಸ್ಕನ್ನು ಕ್ಯಾಬಿನೆಟ್ಟಿನ ಹಿಂಭಾಗದ ನೀಲಿ ಪೋರ್ಟಿಗೆ (ಯುಎಸ್‌ಬಿ 3ರ ಪೋರ್ಟು ಸಾಮಾನ್ಯವಾಗಿ ನೀಲಿ) ಒಂದೇ ಸಲಕ್ಕೆ, ಪೂರ್ತಿ ಒಳಹೋಗುವಂತೆ ಚುಚ್ಚಿ. ಮೆಲ್ಲಗೆ, ಅಳುಕುತ್ತ ಚುಚ್ಚಿದರೆ ಹಳೆಯ ಸಂಪರ್ಕ ಮೊದಲು ತಗುಲಿ ಅಲ್ಲೇ ನಿಂತುಬಿಡುವುದುಂಟು. ಮುಂಭಾಗದ ಪೋರ್ಟುಗಳಿಗೆ ಒಳಗಡೆಯಿಂದ ಒಂದು ವೈರು ಎಳೆದಿರುತ್ತಾರೆ, ಅದೂ ಕೈಕೊಡಬಹುದು. ಪರೀಕ್ಷೆಗೆ ನಾಲ್ಕೈದು ಜಿಬಿಯ ಒಂದೇ ವಿಡಿಯೊವನ್ನು ಆರಿಸಿಕೊಳ್ಳಿ, ಏಕೆಂದರೆ ಸಾವಿರಾರು ಸಣ್ಣ ಫೋಟೊಗಳ ನಕಲು ಯಾವ ಪೋರ್ಟಿನಲ್ಲೂ ನಿಧಾನವೇ. ನಕಲಾಗುವಾಗ ಬರುವ ಕಿಟಕಿಯಲ್ಲಿ ‘ಮೋರ್ ಡೀಟೇಲ್ಸ್’ ಒತ್ತಿದರೆ ವೇಗದ ಅಂಕಿ ಕಾಣಿಸುತ್ತದೆ.

ಡಿಸ್ಕಿನ ಆರೋಗ್ಯವನ್ನು ಕ್ರಿಸ್ಟಲ್‌ಡಿಸ್ಕ್‌ಇನ್ಫೊ ಎಂಬ ಉಚಿತ ತಂತ್ರಾಂಶ ತೋರಿಸುತ್ತದೆ. ಅದರಲ್ಲಿ 05 (ಕೆಟ್ಟು ಬದಲಿ ಪಡೆದ ಜಾಗಗಳ ಲೆಕ್ಕ) ಮತ್ತು ಸಿ5 (ಓದಲು ತೊಡಕಾಗಿರುವ ಜಾಗಗಳ ಲೆಕ್ಕ) ಎಂಬ ಸಾಲುಗಳ ಕೊನೆಯ ಅಂಕಿ ಸೊನ್ನೆಯಾಗಿದ್ದರೆ ಅಂಗಡಿಯವರ ತೀರ್ಪನ್ನು ಸದ್ಯಕ್ಕೆ ಬದಿಗಿಡಬಹುದು. ಇವೆರಡರಲ್ಲಿ ಯಾವುದಾದರೂ ಏರುತ್ತಿದ್ದರೆ ಅವರು ಹೇಳಿದ್ದು ಸರಿ.

ನಮ್ಮ ಕಡೆಯ ಮಳೆಗಾಲದಲ್ಲಿ ಪೋರ್ಟುಗಳ ಸಂಪರ್ಕಕ್ಕೆ ಕಿಲುಬು ಹಿಡಿಯುವುದು ಸಾಮಾನ್ಯ. ಕಿಟಕಿಯ ಪಕ್ಕದಲ್ಲಿ ಎರಚಲು ಬರುವಂತೆ ಇಟ್ಟ ಕಂಪ್ಯೂಟರುಗಳಲ್ಲಿ ಹಸಿರು ಪುಡಿಯನ್ನು ನಾನೇ ತೆಗೆದಿದ್ದೇನೆ. ನಿಮ್ಮಲ್ಲೂ ಹಾಗೆಯೇ ಆಗಿರಬೇಕೆಂದು ನನ್ನ ಅನುಮಾನ. ವಿದ್ಯುತ್ ಪ್ಲಗ್ಗನ್ನು ಕಿತ್ತಿಟ್ಟು, ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ತುಸುವೇ ಅದ್ದಿದ ಮೃದುವಾದ ಬ್ರಷ್ಷಿನಿಂದ ಉಜ್ಜಿ, ಪೂರ್ತಿ ಆರಿದ ಮೇಲೆ ಬಳಸಿ. ಪಿನ್ನು, ಬ್ಲೇಡುಗಳಿಂದ ಕೆರೆಯಬೇಡಿ. ಲೇಪನ ಹೋದರೆ ಮುಂದಿನ ಮಳೆಗೆ ಕಿಲುಬು ಇನ್ನೂ ಬೇಗ ಬರುತ್ತದೆ.

ಪ್ರಶ್ನೆ (ತೀರ್ಥಹಳ್ಳಿ):
ಸರ್, ನಮ್ಮ ಮನೆಯಲ್ಲಿ ಡಿಸ್ಕಿನ ವೇಗ ಸರಿಯಾಗಿಯೇ ಇದೆ. ಆದರೆ ಅದನ್ನು ಚುಚ್ಚಿದೊಡನೆ ವೈರ್‌ಲೆಸ್ ಮೌಸ್ ತಡೆತಡೆದು ಚಲಿಸುತ್ತದೆ. ಇದೂ ಕೇಬಲ್ಲಿನ ದೋಷವೇ?

ಉತ್ತರ:
ಯುಎಸ್‌ಬಿ 3ರ ಸಂಪರ್ಕ ಕೆಲಸ ಮಾಡುವಾಗ 2.4 ಗಿಗಾಹರ್ಟ್ಸ್ ಆಸುಪಾಸಿನಲ್ಲಿ ರೇಡಿಯೊ ಗದ್ದಲವನ್ನು ಹೊರಸೂಸುತ್ತದೆ, ಮೌಸ್ ಕೂಡ ಅದೇ ತರಂಗವನ್ನು ಬಳಸುತ್ತದೆ. ಇಂಟೆಲ್ ಸಂಸ್ಥೆ 2012ರಲ್ಲೇ ಇದನ್ನು ಅಳೆದು ಪ್ರಕಟಿಸಿದೆ. ಮೌಸಿನ ಡಾಂಗಲನ್ನು ಡಿಸ್ಕಿನಿಂದ ದೂರದ ಪೋರ್ಟಿಗೆ, ಸಾಧ್ಯವಾದರೆ ಒಂದು ಮೀಟರಿನ ಎಕ್ಸ್‌ಟೆನ್ಷನ್ ಕೇಬಲ್ಲಿನ ಮೂಲಕ ಮೇಜಿನ ಮೇಲಕ್ಕೆ ತನ್ನಿ. ಇಷ್ಟು ಸಾಕು.

ಪ್ರಶ್ನೆ (ಸಾಗರ):
‘3.0’ ಎಂದು ಬರೆದಿರುವ ಪೆನ್ ಡ್ರೈವಿಗೆ ಸಿನಿಮಾ ಹಾಕುವಾಗ ಮೊದಲು 150 ಎಂಬಿ ತೋರಿಸಿ ಕ್ಷಣದಲ್ಲಿ 8ಕ್ಕೆ ಇಳಿಯುತ್ತದೆ. ಪೋರ್ಟ್ ಬದಲಿಸಿದರೂ ಅಷ್ಟೆ.

ಉತ್ತರ:
ಪೋರ್ಟ್ ಬದಲಿಸಿದರೂ ಅಂಕಿ ಬದಲಾಗದಿದ್ದರೆ ದೋಷ ದಾರಿಯದ್ದಲ್ಲ. ‘3.0’ ಎಂಬುದು ಸಂಪರ್ಕದ ಹೆಸರು; ಒಳಗಿನ ಚಿಪ್ ಎಷ್ಟು ಬೇಗ ಬರೆದುಕೊಳ್ಳುತ್ತದೆ ಎಂಬುದಕ್ಕೆ ಅದು ಭರವಸೆಯಲ್ಲ. ಮೊದಲ 150 ನಿಮ್ಮ ಕಂಪ್ಯೂಟರಿನ ಮೆಮೊರಿಗೆ ತುಂಬಿಕೊಂಡ ವೇಗ, 8 ಡ್ರೈವಿನ ನಿಜವಾದ ವೇಗ. ನಕಲಿನ ಕಿಟಕಿ ಮುಚ್ಚಿದ ಮೇಲೂ ಬರೆಯುವ ಕೆಲಸ ಬಾಕಿ ಇರಬಹುದಾದ್ದರಿಂದ ‘ಇಜೆಕ್ಟ್’ ಕೊಟ್ಟೇ ತೆಗೆಯಿರಿ.

ಮೊದಲ ಪ್ರಶ್ನೆ ಕೇಳಿದವರು (ಹೊಸನಗರ ತಾಲ್ಲೂಕು), ಮೂರು ದಿನಗಳ ನಂತರ:
ತಾವು ಹೇಳಿದಂತೆ ಪ್ರತಿ ತೆಗೆದುಕೊಂಡ ನಂತರ ಎಲ್ಲವನ್ನೂ ನೋಡಿದೆ. 05, ಸಿ5 ಎರಡೂ ಸೊನ್ನೆ. ಹಿಂದಿನ ನೀಲಿ ಪೋರ್ಟಿನಲ್ಲೂ 34 ಎಂಬಿಯೇ ಬಂತು. ಕೇಬಲ್ಲನ್ನು ಬೆಳಕಿಗೆ ಹಿಡಿದೆ. ಹಸಿರು ಎಲ್ಲೂ ಇರಲಿಲ್ಲ, ಆದರೆ ತಾವು ವರ್ಣಿಸಿದ ಐದು ಪಟ್ಟಿಗಳೂ ಇರಲಿಲ್ಲ! ಡಿಸ್ಕಿನ ಕಡೆಯ ಕಿಂಡಿ ಎರಡು ಭಾಗವಾಗಿದೆ. ಕೇಬಲ್ಲು ಅದರ ದೊಡ್ಡ ಭಾಗದಲ್ಲಿ ಮಾತ್ರ ಕೂತಿತ್ತು, ಪಕ್ಕದ ಸಣ್ಣ ಭಾಗ ಖಾಲಿಯಾಗಿತ್ತು. ವಿಚಾರಿಸಿದಾಗ ತಿಳಿಯಿತು, ಜುಲೈನಲ್ಲಿ ಬಂದ ಮಗಳು ಡಿಸ್ಕಿನ ಕೇಬಲ್ಲನ್ನು ತನ್ನದೆಂದು ಭಾವಿಸಿ ಬೆಂಗಳೂರಿಗೆ ಒಯ್ದಿದ್ದಾಳೆ. ಅಂದಿನಿಂದ ನಾನು ಬಳಸುತ್ತಿದ್ದುದು ಹಳೆಯ ಮೊಬೈಲಿನ ಚಾರ್ಜರ್ ಕೇಬಲ್.

ಉತ್ತರ:
ಮೇಷ್ಟ್ರೇ, ಮಳೆಯ ಮೇಲೆ ನಾನು ಇಟ್ಟ ಅನುಮಾನ ತಪ್ಪಾಗಿತ್ತು. ನೀವು ಕಣ್ಣಾರೆ ನೋಡಿದ್ದು ಒಳ್ಳೆಯದಾಯಿತು. ಆ ಕಿಂಡಿಯ ದೊಡ್ಡ ಭಾಗ ಸಾಮಾನ್ಯ ಮೈಕ್ರೊ ಯುಎಸ್‌ಬಿಯ ಆಕಾರದಲ್ಲೇ ಇರುವುದರಿಂದ ಮೊಬೈಲಿನ ಕೇಬಲ್ ಅದರಲ್ಲಿ ಸಲೀಸಾಗಿ ಕೂರುತ್ತದೆ. ಹೊಸ ವೇಗದ ಐದು ಸಂಪರ್ಕಗಳಿರುವುದು ನೀವು ಖಾಲಿ ಕಂಡ ಸಣ್ಣ ಭಾಗದಲ್ಲಿ. ಅಂಥ ಕೇಬಲ್ಲನ್ನು ಇನ್ನು ಬಳಸಬೇಡಿ: ಕೆಲವದರ ಒಳಗಿನ ತಂತಿ ತೆಳುವಾಗಿರುವುದರಿಂದ ಡಿಸ್ಕಿಗೆ ವಿದ್ಯುತ್ ಸಾಲದೆ ಟಕ್ ಟಕ್ ಎಂದು ನಿಂತುಹೋಗಬಹುದು. ಅಂಗಡಿಯಲ್ಲಿ ‘ಹಾರ್ಡ್ ಡಿಸ್ಕಿನ 3.0 ಕೇಬಲ್’ ಎಂದು ಕೇಳಿ, ಉದ್ದ ಅರ್ಧ ಮೀಟರಿಗಿಂತ ಹೆಚ್ಚು ಬೇಡ.

ಮೊದಲ ಪ್ರಶ್ನೆ ಕೇಳಿದವರು:
ಇಂದು ಕೇಬಲ್ ತಂದೆ. ಹಿಂದಿನ ಪೋರ್ಟಿನಲ್ಲಿ 108 ಎಂಬಿ, ಮುಂದಿನದರಲ್ಲಿ 107. ರಾತ್ರಿಯಿಡೀ ನಡೆದ ಆಟವೊಂದು ಎಂಟು ನಿಮಿಷದಲ್ಲಿ ಬಂತು. ಹೊಸ ಕೇಬಲ್ಲಿಗೆ ಡಿಸ್ಕಿನ ಹೆಸರು ಬರೆದ ಚೀಟಿ ಅಂಟಿಸಿದ್ದೇನೆ.