ಒಡೆದ ಹಂಚಿನ ಖರ್ಚು ಕ್ಲೋಸಿಂಗ್ ಸ್ಟಾಕಿಗೂ ಬರ್ತದಾ? 30,000 ಸರಿಯಾ, 32,518 ಸರಿಯಾ?

ಕೊನೇಬೆಂಚು:
ಸಿಎಂಎ (ಕಾಸ್ಟ್ ಅಕೌಂಟಿಂಗ್) ಇಂಟರ್‌ಗೆ ಓದ್ತಾ ಇದ್ದೇನೆ. ವೆಯ್ಟೆಡ್ ಆವರೇಜ್‌ನ (ಓಪನಿಂಗ್ ಖರ್ಚು, ಹೊಸ ಖರ್ಚು ಕೂಡಿಸಿ ಒಂದೇ ಸರಾಸರಿ ದರ ಹಿಡಿಯುವ ಕ್ರಮ) ಒಂದು ಲೆಕ್ಕಕ್ಕೆ ಕಾಲೇಜಿನಲ್ಲಿ ಒಂದು ಉತ್ತರ, ಟ್ಯೂಷನ್ನಿನಲ್ಲಿ ಇನ್ನೊಂದು.

ಹಂಚಿನ ಕಾರ್ಖಾನೆ. ಓಪನಿಂಗ್ ಡಬ್ಲ್ಯುಐಪಿ, ಅಂದರೆ ಶುರುವಿನಲ್ಲಿ ಅರ್ಧಂಬರ್ಧ ಆಗಿದ್ದದ್ದು, 2,000 ಹಂಚು (ಕನ್ವರ್ಷನ್, ಅಂದರೆ ಮಣ್ಣನ್ನು ಹಂಚು ಮಾಡುವ ಕೆಲಸದ ಖರ್ಚು, 40%), ಹೊಸದಾಗಿ ಹಾಕಿದ್ದು 18,000. ಒಳ್ಳೆಯ ಹಂಚು 15,000, ಕೊನೆಗೆ ಅರ್ಧಂಬರ್ಧ ಉಳಿದ ಕ್ಲೋಸಿಂಗ್ 3,000 (ಕನ್ವರ್ಷನ್ 50%), ಉಳಿದ 2,000 ಹಾಳು. ತಪಾಸಣೆಯಲ್ಲಿ ಪಾಸಾದ ಹಂಚಿನ 10% ನಾರ್ಮಲ್ (ಸಹಜ ಹಾಳು), ಅದಕ್ಕೂ ಮೀರಿದ್ದು ಅಬ್ನಾರ್ಮಲ್. ಮಣ್ಣು ಶುರುವಿನಲ್ಲೇ ಪೂರ್ತಿ, ತಪಾಸಣೆ ಭಟ್ಟಿಯಿಂದ ಇಳಿಸಿದ ಮೇಲೆ. ಓಪನಿಂಗ್ ಸೇರಿ ಮೆಟೀರಿಯಲ್ 1,20,000 ರೂ., ಕನ್ವರ್ಷನ್ 1,48,000 ರೂ.

ಕ್ಲೋಸಿಂಗ್ ಸ್ಟಾಕ್ ಒಬ್ಬರಿಗೆ 32,518, ಇನ್ನೊಬ್ಬರಿಗೆ 30,000. ಎರಡೂ ಟ್ಯಾಲಿ ಆಗ್ತದೆ!

ಎಕ್ಸೆಲ್‌ಭಟ್ರು:
ನಾರ್ಮಲ್ ಲಾಸ್‌ಗೆ ಈಕ್ವಿವಲೆಂಟ್ ಯೂನಿಟ್ (ಅರ್ಧ ಆದದ್ದನ್ನ ಪೂರ್ತಿ ಹಂಚಿನ ಲೆಕ್ಕಕ್ಕೆ ಇಳಿಸಿದ ಸಂಖ್ಯೆ) ಸೊನ್ನೆ. 32,518 ಬರೆದು ಮಾರ್ಕ್ಸ್ ತಗೊಳ್ಳಿ.

ಹಂಚುಲೆಕ್ಕ:
ಭಟ್ರೇ, ಅಷ್ಟು ಸುಲಭಕ್ಕೆ ಬಿಡಬೇಡಿ ಮಾರಾಯ್ರೆ. ನಾನು ಹಂಚಿನ ಕಾರ್ಖಾನೆಯ ಕಾಸ್ಟ್ ಶೀಟ್ ಬರೆದವ, ಹೇಳ್ತೇನೆ ಕೇಳಿ.

ನಾರ್ಮಲ್ 1,500, ಅಬ್ನಾರ್ಮಲ್ 500. ಹಾಳಾದ ಹಂಚೂ ಮಣ್ಣು ತಿಂದಿದೆ, ಭಟ್ಟಿಯ ಸೌದೆ ತಿಂದಿದೆ. ಹಾಗಾಗಿ ಎರಡನ್ನೂ ಯೂನಿಟ್ಟಿಗೆ ಸೇರಿಸಿ. ಮೆಟೀರಿಯಲ್‌ಗೆ 20,000 ಯೂನಿಟ್, ಕನ್ವರ್ಷನ್‌ಗೆ 18,500 (ಒಳ್ಳೆಯದು 15,000, ಹಾಳು 2,000, ಕ್ಲೋಸಿಂಗ್‌ನ ಅರ್ಧ 1,500). ದರ 6 ರೂ. ಮತ್ತು 8 ರೂ., ಒಟ್ಟು 14. ಓಪನಿಂಗ್‌ನ 40% ಇಲ್ಲಿ ಬೇಡವೇ ಬೇಡ, ಅದು ಫಿಫೋದವರಿಗೆ (ಮೊದಲು ಬಂದದ್ದು ಮೊದಲು ಹೋಗ್ತದೆ ಅಂತ ಹಿಡಿಯುವವರಿಗೆ).

ಒಳ್ಳೆಯ ಹಂಚು 2,10,000. ಅದರ ಮೇಲೆ ನಾರ್ಮಲ್ ಹಾಳಿನ 21,000 ಹೊರಿಸಿದರೆ 2,31,000, ಹಂಚಿಗೆ 15.40. ಅಬ್ನಾರ್ಮಲ್ 7,000 ಸೀದಾ ಪಿ ಆಂಡ್ ಎಲ್‌ಗೆ (ಲಾಭ-ನಷ್ಟ ಖಾತೆಗೆ). ದಾಸ್ತಾನಿನ ಲೆಕ್ಕದ ನಿಯಮ ಎಎಸ್ 2 ಹೇಳುವುದೂ ಅದನ್ನೇ: ಅಸಾಮಾನ್ಯ ಪೋಲು ದಾಸ್ತಾನಿನ ಬೆಲೆಯೊಳಗೆ ಕೂರುವ ಹಾಗಿಲ್ಲ. ಕ್ಲೋಸಿಂಗ್‌ಗೆ ಮೆಟೀರಿಯಲ್ 18,000 ಮತ್ತು ಕನ್ವರ್ಷನ್ 12,000, ಅಂದರೆ 30,000. ಕೂಡಿ ನೋಡಿ, 2,68,000 ಬರ್ತದೆ.

ಇನ್ನು ಭಟ್ರ ದಾರಿ. ನಾರ್ಮಲ್‌ನ ಯೂನಿಟ್ ಬಿಟ್ಟರೆ 18,500 ಮತ್ತು 17,000. ದರ ತಾನಾಗಿ 15.19ಕ್ಕೆ ಏರ್ತದೆ. ಏರಿದ ದರ ಎಲ್ಲರಿಗೂ ಬೀಳ್ತದೆ, ಇನ್ನೂ ಭಟ್ಟಿಯೇ ಕಾಣದ 3,000 ಹಸಿ ಹಂಚಿಗೂ. ಹೆಚ್ಚಾದ 2,518 ರೂಪಾಯಿ ಅದೇ. ಆ ಹಸಿ ಹಂಚಿನಲ್ಲಿ ಎಷ್ಟು ಸೀಳ್ತದೆ ಅಂತ ಗೊತ್ತಾಗುವುದು ಮುಂದಿನ ತಿಂಗಳು. ಈ ತಿಂಗಳ ಒಡಕನ್ನು ಅದರ ತಲೆಗೆ ಯಾಕೆ ಕಟ್ಟುವುದು? ಟ್ಯಾಲಿ ಆಯ್ತು ಅಂತ ಖುಷಿಪಡಬೇಡಿ, ಖರ್ಚನ್ನು ಹೇಗೆ ಹಂಚಿದರೂ ಮೊತ್ತ ಟ್ಯಾಲಿ ಆಗಿಯೇ ಆಗ್ತದೆ.

10% ಯಾವುದರ ಮೇಲೆ ಅಂತಲೂ ಎರಡು ಸಲ ಓದಿ. ಪಾಸಾದದ್ದರ ಮೇಲಾದರೆ 1,500. ನಮ್ಮ ಪರೀಕ್ಷೆಗಳಲ್ಲಿ ಹೆಚ್ಚಾಗಿ ಇನ್‌ಪುಟ್ ಮೇಲೆ ಕೊಡ್ತಾರೆ. ಓಪನಿಂಗ್‌ಗೆ ಹೊಸತು ಕೂಡಿಸಿ ಕ್ಲೋಸಿಂಗ್ ಕಳೆದರೆ 17,000, ಆಗ ನಾರ್ಮಲ್ 1,700.

ಕಾರ್ಖಾನೆಯಲ್ಲಿ ನಿಜವಾದ ಜಗಳ ಈ ಶೇಕಡಾದ್ದೇ. ಮಳೆಗಾಲದಲ್ಲಿ ಹಸಿ ಹಂಚು ಸರಿಯಾಗಿ ಒಣಗುವುದಿಲ್ಲ, ಭಟ್ಟಿಯಲ್ಲಿ ಸೀಳ್ತದೆ. ಆಗ ಮ್ಯಾನೇಜರ್ ಬಂದು “ಆಷಾಢದಲ್ಲಿ ಇದೆಲ್ಲ ನಾರ್ಮಲ್ಲೇ, 13% ಮಾಡಿ” ಅಂತಾರೆ. ಮಳೆಗಾಲಕ್ಕೆ ಬೇರೆ ದರ ಇರಲಿ, ನನ್ನ ತಕರಾರಿಲ್ಲ, ಆದರೆ ಅದನ್ನು ಮೇ ತಿಂಗಳಲ್ಲೇ ಬರೆದಿಡಬೇಕು. ಒಡೆದ ರಾಶಿ ನೋಡಿ ಆಮೇಲೆ ಏರಿಸಿದರೆ ಅಬ್ನಾರ್ಮಲ್ ಅನ್ನುವ ಕಾಲಮ್ಮೇ ದಂಡ.

ಎಕ್ಸೆಲ್‌ಭಟ್ರು:
ಒಪ್ಪಿದೆ, ಆದ್ರೆ ಪೇಪರ್ ತಿದ್ದೋರು ನೀವಲ್ವಲ್ಲ 😄 ನಮ್ಮ ಸಿಲಬಸ್ಸಿನ ಮಾದರಿ ಉತ್ತರಗಳಲ್ಲಿ ನಾರ್ಮಲ್‌ಗೆ ಸೊನ್ನೆಯೇ. ಒಡೆದ ಚೂರುಗಳಿಗೆ ಸ್ಕ್ರಾಪ್ ಬೆಲೆ ಕೊಟ್ಟಿದ್ರೆ ನಾರ್ಮಲ್‌ನದ್ದನ್ನ ಮೆಟೀರಿಯಲ್ ಖರ್ಚಲ್ಲಿ ಕಳೀತಾರೆ, ಅಬ್ನಾರ್ಮಲ್‌ನದ್ದನ್ನ ಅದರ ಖಾತೆಗೇ ಜಮಾ ಮಾಡ್ತಾರೆ.

ಹಂಚುಲೆಕ್ಕ:
ಅದೂ ಸರಿ. ಪ್ರಶ್ನೆಯಲ್ಲಿ ತಪಾಸಣೆಯ ಹಂತ ಹೇಳದಿದ್ದರೆ ಭಟ್ರ ದಾರಿ ಹಿಡಿಯಿರಿ. ಕೊನೆಯಲ್ಲಿ ಅಂತ ಸ್ಪಷ್ಟ ಕೊಟ್ಟಿದ್ದರೆ 30,000 ಬರೆದು, ಕೆಳಗೆ ಕಾರಣ ಒಂದು ಸಾಲು ಹಾಕಿ.

ಕೊನೇಬೆಂಚು:
ಥ್ಯಾಂಕ್ಸ್ ಸರ್. ತಪಾಸಣೆ 40% ಹಂತದಲ್ಲೇ, ಒಣಗಿಸುವಾಗಲೇ ಆದ್ರೆ?

ಹಂಚುಲೆಕ್ಕ:
ಆಗ 50% ಮುಗಿದ ಕ್ಲೋಸಿಂಗ್ ಹಂಚೂ ಪಾಸಾಗಿಯೇ ಮುಂದೆ ಬಂದದ್ದು. 18,000ದ 10%, ನಾರ್ಮಲ್ 1,800, ಅಬ್ನಾರ್ಮಲ್ 200 ಮಾತ್ರ. ಹಾಳಾದ 2,000ಕ್ಕೆ ಕನ್ವರ್ಷನ್ 40% ಹಿಡಿಯಿರಿ, 800 ಯೂನಿಟ್. ನಾರ್ಮಲ್ ಖರ್ಚನ್ನು 15,000ಕ್ಕೂ 3,000ಕ್ಕೂ ಅದೇ ಪ್ರಮಾಣದಲ್ಲಿ ಹಂಚಿ. ದರ ದಶಮಾಂಶಕ್ಕೆ ಹೋಗ್ತದೆ, ನಡುವೆ ರೌಂಡ್ ಮಾಡಬೇಡಿ.