ಊರ ಹೆಸರು ಹೇಳಿಕೊಳ್ಳುತ್ತೇವೆ, ಊರ ನಡುವಿಗೆ ಮಾತ್ರ ಹೋಗುವುದಿಲ್ಲ. ನಿಮ್ಮದೂ ಹೀಗೇನಾ?

ಕೊನೇಸ್ಟಾಪು

ನಾನಿರುವುದು ದೊಡ್ಡ ನಗರವೊಂದರ ಹೊರಗಿನ ಬಡಾವಣೆಯಲ್ಲಿ. ಇಲ್ಲಿಗೆ ಬಂದು 11 ವರ್ಷ ಆಯ್ತು. ಹೊರಗಿನವರು ಯಾವೂರು ಅಂತ ಕೇಳಿದರೆ ನಗರದ ಹೆಸರನ್ನೇ ಹೇಳುತ್ತೇನೆ. ಅದೇ ನಗರದವರು ಕೇಳಿದರೆ ಬಡಾವಣೆ ಹೆಸರು ಹೇಳುತ್ತೇನೆ, "ಓ, ಅಷ್ಟು ದೂರಾನಾ" ಅನ್ನುತ್ತಾರೆ, ಮಾತು ಅಲ್ಲಿಗೆ ಮುಗಿಯುತ್ತದೆ.

ಮೊನ್ನೆ ಒಂದು ದಾಖಲೆ ಕೆಲಸಕ್ಕೆ ನಡುಪೇಟೆಗೆ ಹೋಗಲೇಬೇಕಾಯಿತು. ರಜೆ ಇತ್ತು ಅಂತ 8 ವರ್ಷದ ಮಗಳನ್ನೂ ಕರೆದುಕೊಂಡು ಹೋದೆ. ಪ್ರತಿ ತಿರುವಿಗೂ ಫೋನ್ ನೋಡುವ ಪರಿಸ್ಥಿತಿ. ಒಂದೇ ವೃತ್ತಕ್ಕೆ ಮೂರು ಸಲ ಬಂದೆವು. ಮಧ್ಯಾಹ್ನ ಅವಳು ಸುಸ್ತಾಗಿ, "ಅಪ್ಪ, ಊರಿಗೆ ಯಾವಾಗ ವಾಪಸ್ ಹೋಗೋದು?" ಅಂದಳು. ಊರಲ್ಲೇ ಇದ್ದೀವಲ್ಲ ಅಂತ ಬಾಯಿತನಕ ಬಂತು, ಹೇಳಲಿಲ್ಲ. ಅವಳ ಪ್ರಕಾರ ಬಡಾವಣೆಯೇ ಊರು. ನನ್ನ ಪ್ರಕಾರವೂ ಅಷ್ಟೇ ಇರಬೇಕು, ಒಪ್ಪಿಕೊಳ್ಳುವುದಕ್ಕೆ ಮನಸ್ಸಿಲ್ಲ ಅಷ್ಟೆ.

ಹೊರಗೆ ಇರುವವರಿಗೆ ನನ್ನ ಪ್ರಶ್ನೆ. ನಡುಪೇಟೆಗೂ ನಿಮಗೂ ಈಗ ಏನು ಸಂಬಂಧ? ನಿಜವಾಗಲೂ ಬೇಕಾ, ಅಥವಾ ಟೀವಿಯಲ್ಲಿ ಬಂದಾಗ "ನಮ್ಮೂರು" ಅನ್ನುವುದಕ್ಕೆ ಮಾತ್ರಾನಾ? ದಯವಿಟ್ಟು ಟ್ರಾಫಿಕ್ಕು, ಪಾರ್ಕಿಂಗು ಅಂತ ಒಂದೇ ಸಾಲಲ್ಲಿ ಮುಗಿಸಬೇಡಿ, ಅದು ನನಗೂ ಗೊತ್ತು.

ಲೆಕ್ಕದ ಮನುಷ್ಯ

ಟ್ರಾಫಿಕ್ ಬೇಡ ಅಂದಿರಿ, ಸರಿ. ಆದರೆ ಹೊತ್ತಿನ ಲೆಕ್ಕ ಬಿಡುವುದಕ್ಕೆ ಆಗುವುದಿಲ್ಲ. ಮಾರ್ಕೆಟ್ಟಿ ಅಂತ ಇಟಲಿಯ ಭೌತವಿಜ್ಞಾನಿ 1994ರಲ್ಲಿ ಒಂದು ವಿಷಯ ಬರೆದಿದ್ದರು. ಕಾಲ್ನಡಿಗೆ ಕಾಲದಿಂದ ಕಾರಿನ ಕಾಲದವರೆಗೂ ಜನ ಓಡಾಟಕ್ಕೆ ಕೊಡುವ ಹೊತ್ತು ಸುಮಾರು ಒಂದೇ, ದಿನಕ್ಕೆ ಹೆಚ್ಚುಕಮ್ಮಿ ಒಂದು ಗಂಟೆ. ವಾಹನ ಜೋರಾದರೆ ಹೊತ್ತು ಉಳಿಯುವುದಿಲ್ಲ, ಊರು ಅಗಲವಾಗುತ್ತದೆ. ನಾವು ಆ ಅಗಲದ ತುದಿಯಲ್ಲಿ ಮನೆ ಮಾಡಿದವರು. ಆ ಒಂದು ಗಂಟೆಯನ್ನು ಆಫೀಸು, ಶಾಲೆ ತಿಂದುಬಿಟ್ಟ ಮೇಲೆ ನಡುಪೇಟೆಗೆ ಉಳಿಯುವುದು ಏನು?

ಇಷ್ಟು ಹೇಳಿ ನಾನೇ ಒಂದು ತಕರಾರು ತೆಗೆಯುತ್ತೇನೆ. ನನ್ನ ಮನೆಯಿಂದ ನಡುಪೇಟೆಗೆ 50 ನಿಮಿಷ. ಇನ್ನೊಂದು ದಿಕ್ಕಿನ ಮಾಲಿಗೆ 45. ಮಾಲಿಗೆ ತಿಂಗಳಿಗೆ ಎರಡು ಸಲ ಹೋಗುತ್ತೇವೆ, "ಇಲ್ಲೇ ಹತ್ತಿರ" ಅನ್ನುತ್ತೇವೆ. ನಡುಪೇಟೆ ಅಂದರೆ ಮನೆಯಲ್ಲಿ ಎಲ್ಲರ ಮುಖ ಸಣ್ಣಗಾಗುತ್ತದೆ. ಅಂದರೆ ಬರೀ ನಿಮಿಷದ ಲೆಕ್ಕ ಅಲ್ಲ. ಮಾಲಿಗೆ ಹೋದರೆ ಗಾಡಿ ಎಲ್ಲಿ ಬಿಡಬೇಕು, ಎಲ್ಲಿ ಕೂರಬೇಕು, ಶೌಚಾಲಯ ಎಲ್ಲಿ, ಎಲ್ಲಾ ಗೊತ್ತು. ಪೇಟೆಯಲ್ಲಿ ಪ್ರತಿ ಸಲ ಎಲ್ಲವನ್ನೂ ಹೊಸದಾಗಿ ಹುಡುಕಬೇಕು.

ಅಂದ ಹಾಗೆ ಮಾಲು ಅನ್ನುವುದೇ ಹೊರವಲಯಕ್ಕೆ ಒಂದು ಪೇಟೆ ಬೇಕು ಅನ್ನುವ ಆಸೆಯಿಂದ ಹುಟ್ಟಿದ್ದು. ವಿಯೆನ್ನಾದಲ್ಲಿ ಹುಟ್ಟಿ ಅಮೆರಿಕಕ್ಕೆ ಹೋದ ವಿಕ್ಟರ್ ಗ್ರೂಯೆನ್ ಎಂಬ ವಾಸ್ತುಶಿಲ್ಪಿ 1956ರಲ್ಲಿ ಮಿನಿಯಾಪೊಲಿಸ್ ಹೊರಗಿನ ಈಡೈನಾದಲ್ಲಿ ಸೌತ್‌ಡೇಲ್ ಕಟ್ಟಿಸಿದರು. ಅಮೆರಿಕದಲ್ಲಿ ಪೂರ್ತಿ ಸೂರಿನಡಿಯ, ಎಸಿ ಹಾಕಿದ ಮೊದಲ ಮಾಲು ಅದು. ಸುತ್ತ ಮನೆ, ಶಾಲೆ, ಆಸ್ಪತ್ರೆ, ಪಾರ್ಕು, ಕೆರೆ ಎಲ್ಲಾ ಬರಬೇಕು, ಕಾರಿಲ್ಲದೆ ಜನ ನಡೆದು ಬಂದು ಕೂತು ಮಾತಾಡಬೇಕು ಅಂತ ಅವರ ಕನಸು. ಕಡೆಗೆ ಸುತ್ತ ಬಂದದ್ದು ಕಾರು ನಿಲ್ಲಿಸುವ ಬಯಲು. ಮುಂದೆ ಅವರೇ ಅದಕ್ಕೂ ನನಗೂ ಸಂಬಂಧ ಇಲ್ಲ ಅನ್ನುವಷ್ಟು ಬೇಸತ್ತು ವಿಯೆನ್ನಾಗೆ ವಾಪಸ್ ಹೋದರು. ಅಲ್ಲೂ ಊರ ಹೊರಗೆ ಒಂದು ಮಾಲು ಎದ್ದಿತು, ಪಾಪ.

ಸುಮ್ನೆ ಓದುವವ

ಬೇಕಾಗಿಲ್ಲ. ನನಗೆ 4 ಕಿಲೋಮೀಟರ್ ಒಳಗೆ ಡಾಕ್ಟರು, ಬ್ಯಾಂಕು, ಶಾಲೆ, ಸಿನಿಮಾ ಎಲ್ಲಾ ಇದೆ. ಕೆಲಸ ಮನೆಯಿಂದಲೇ. ಎರಡು ವರ್ಷ ಆಯ್ತು ಆ ಕಡೆ ತಲೆ ಹಾಕಿ, ಏನೂ ಕಳಕೊಂಡಿಲ್ಲ. ಒಂದು ಕಾಲದಲ್ಲಿ ನಡುಪೇಟೆ ಇಲ್ಲದೆ ಬದುಕು ಸಾಗುತ್ತಿರಲಿಲ್ಲ, ಈಗ ಸಾಗುತ್ತದೆ. ಅದಕ್ಕೆ ಯಾಕೆ ಅಳಬೇಕು ಅಂತ ನನಗೆ ಅರ್ಥ ಆಗುವುದಿಲ್ಲ.

ಪೇಟೆಬೀದಿ ಮನೆ

ನಾನು ನಡುಪೇಟೆಯಲ್ಲೇ ಇರುವವಳು, ನನ್ನನ್ನು ಕೇಳಿಲ್ಲ ಅಂತ ಗೊತ್ತು, ಆದರೂ ಹೇಳುತ್ತೇನೆ.

ನೀವೆಲ್ಲ ಮಾತಾಡುವುದು ಇಲ್ಲಿ ಯಾರೂ ವಾಸವೇ ಇಲ್ಲ ಅನ್ನುವ ಹಾಗೆ. ಆಫೀಸು, ಅಂಗಡಿ, ಮೆರವಣಿಗೆ, ಅಷ್ಟೇ. ವಾರಕ್ಕೆ ನಾಲ್ಕು ದಿನ ನನ್ನ ಗೇಟಿನ ಮುಂದೆ ಯಾರದೋ ಕಾರು ನಿಂತಿರುತ್ತದೆ. ಕೇಳಿದರೆ "ಐದೇ ನಿಮಿಷ ಮೇಡಂ". ಆಮೇಲೆ ಅದೇ ಜನ ಮನೆಗೆ ಹೋಗಿ "ಪೇಟೆ ಎಷ್ಟು ಗಲೀಜು" ಅನ್ನುತ್ತಾರೆ. ಗಲೀಜು ಮಾಡಿದ್ದು ರಾತ್ರಿ ಇಲ್ಲಿ ಮಲಗುವ ನಾವು ಮಾತ್ರಾನಾ? ಲಂಡನ್ನಿನ ನಡುವೆ "ಸಿಟಿ" ಅಂತಲೇ ಕರೆಯುವ ಒಂದು ಚದರ ಮೈಲಿ ಜಾಗ ಇದೆ. 2021ರ ಎಣಿಕೆಯಲ್ಲಿ ಅಲ್ಲಿ ವಾಸ ಇದ್ದವರು ಸುಮಾರು 8,600, ಕೆಲಸಕ್ಕೆ ಬರುವವರು 5 ಲಕ್ಷಕ್ಕೂ ಜಾಸ್ತಿ. ನಮ್ಮದು ಅಷ್ಟು ವಿಪರೀತ ಅಲ್ಲ. ಆದರೆ ಸಂಜೆ ಏಳರ ಮೇಲೆ ಬೀದಿ ಖಾಲಿ ಆಗುವುದು ನೋಡಿದರೆ, ಮದುವೆ ಮುಗಿದ ಛತ್ರದಲ್ಲಿ ನಾವೊಬ್ಬರೇ ಉಳಿದ ಹಾಗೆ ಅನ್ನಿಸುತ್ತದೆ.

ಬೀದಿ ಯಾರದು ಅನ್ನುವ ಜಗಳ ಚೆನ್ನಾಗಿ ಕಾಣಿಸಿದ್ದು ಸ್ವೀಡನ್ನಿನ ಸ್ಟಾಕ್‌ಹೋಮ್‌ನಲ್ಲಿ. 2006ರ ಜನವರಿಯಿಂದ ಏಳು ತಿಂಗಳು, ನಗರದ ನಡುಭಾಗಕ್ಕೆ ಬರುವ ಹೋಗುವ ಕಾರಿಗೆ ಶುಲ್ಕ ಹಾಕಿ ಪ್ರಯೋಗ ಮಾಡಿದರು. ಗಡಿ ದಾಟುವ ವಾಹನ ಸುಮಾರು ಐದರಲ್ಲಿ ಒಂದು ಪಾಲು ಕಮ್ಮಿ ಆಯ್ತು. ಸೆಪ್ಟೆಂಬರಿನಲ್ಲಿ ಜನಮತ ಕೇಳಿದರು. ನಗರದವರು ಅಲ್ಪ ಬಹುಮತದಿಂದ ಬೇಕು ಅಂದರು. ಸುತ್ತಲಿನ ಹಲವು ಪುರಸಭೆಗಳೂ ತಮ್ಮಷ್ಟಕ್ಕೆ ಮತ ಕೇಳಿದವು, ಅಲ್ಲಿ ಒಟ್ಟಾರೆ ಬೇಡ ಅಂತ ಬಂತು. 2007ರ ಆಗಸ್ಟಿನಿಂದ ಶುಲ್ಕ ಕಾಯಂ. ಕಾರಿನ ಹೊಗೆ ಕುಡಿಯುವ ನಡುಪೇಟೆಯವರ ಮತವೇ ಎಣಿಕೆಗೆ ಬರಬೇಕು ಅಂತ ನಾನು. ಶುಲ್ಕ ತೆರುವವರದೂ ಬರಬೇಕು ಅಂತ ನನ್ನ ತಮ್ಮ, ಅವನಿರುವುದು ಹೊರಗೆ. ಇದರ ಬಗ್ಗೆ ನಮ್ಮಿಬ್ಬರಿಗೆ ಜಗಳ ಆಗದ ಹಬ್ಬವೇ ಇಲ್ಲ.

ಲೆಕ್ಕದ ಮನುಷ್ಯ

@ಪೇಟೆಬೀದಿ ಮನೆ, ನಿಮ್ಮ ಗೇಟಿನ ಮುಂದೆ ನಿಂತಿದ್ದು ನಾನಲ್ಲ ಅಂತ ಎದೆ ಮುಟ್ಟಿ ಹೇಳುವುದಕ್ಕೆ ಆಗುವುದಿಲ್ಲ. ಕ್ಷಮಿಸಿ.

@ಸುಮ್ನೆ ಓದುವವ, ಅಳಬೇಕಾಗಿಲ್ಲ, ಆದರೆ ಅಮೆರಿಕದ ಡೆಟ್ರಾಯಿಟ್ ಒಂದು ಸಲ ನೋಡಿ. 1950ರಲ್ಲಿ ನಗರದೊಳಗೆ ಸುಮಾರು 18.5 ಲಕ್ಷ ಜನ, 2020ರ ಎಣಿಕೆಯಲ್ಲಿ 6.4 ಲಕ್ಷ. ಹೊರವಲಯ ಸೇರಿಸಿದರೆ ಈಗಲೂ 40 ಲಕ್ಷದ ಮೇಲಿದ್ದಾರೆ. ಎಲ್ಲರೂ ದೂರ ಓಡಿಹೋಗಲಿಲ್ಲ, ತುಂಬಾ ಜನ ನಗರದ ಗಡಿಯಾಚೆ ಸರಿದು ಕೂತರು. ಕಾರಣ ಹಲವು. ಕಾರ್ಖಾನೆ ಹೋದದ್ದು, ಬಿಳಿಯರು ಕರಿಯರ ಪಕ್ಕ ಇರಲೊಲ್ಲದೆ ಎದ್ದು ಹೋದದ್ದು, ಹೆದ್ದಾರಿ ಬಂದದ್ದು. ಹೋದವರ ಜೊತೆ ತೆರಿಗೆಯೂ ಹೋಯಿತು. ಆದರೆ ನಗರದೊಳಗೆ ಹಾಕಿದ್ದ ಪೈಪು, ದೀಪ, ರಸ್ತೆ ಎಲ್ಲಾ 18 ಲಕ್ಷ ಜನರ ಅಳತೆಯವು. ಅವು ಕುಗ್ಗುವುದಿಲ್ಲವಲ್ಲ. 2013ರಲ್ಲಿ ನಗರಾಡಳಿತ ದಿವಾಳಿ ಅರ್ಜಿ ಹಾಕಿತು. ನಿಮ್ಮ 4 ಕಿಲೋಮೀಟರಿನಲ್ಲಿ ಎಲ್ಲಾ ಇದೆ, ನಿಜ. ನೀರು ಎಲ್ಲಿಂದ ಬರುತ್ತದೆ, ದೊಡ್ಡ ಕಾಯಿಲೆ ಬಂದರೆ ಯಾವ ಆಸ್ಪತ್ರೆಗೆ ಓಡುತ್ತೀರಿ, ಅದನ್ನೂ ಒಂದು ಸಲ ನೋಡಿಕೊಳ್ಳಿ.

ಸುಮ್ನೆ ಓದುವವ

ಆಸ್ಪತ್ರೆ ಮಾತು ಒಪ್ಪಿದೆ. ಮಿಕ್ಕಿದ್ದು ಒಪ್ಪಿಲ್ಲ.

ಹಳೇ ಪಾಸು

ನಾನು 26 ವರ್ಷ ಲೋಕಲ್ ರೈಲಿನಲ್ಲಿ ಹೊರಗಿನಿಂದ ನಡುಪೇಟೆಗೆ ಕೆಲಸಕ್ಕೆ ಹೋಗಿ ಬಂದವಳು. ಹೋದ ವರ್ಷ ನಿವೃತ್ತಿ. ನಡುಪೇಟೆ ನನಗೆ ಅಂಗೈ ಮೇಲಿದೆ ಅಂತ ತಿಳಿದುಕೊಂಡಿದ್ದೆ.

ನಿವೃತ್ತಿ ಆದ ಮೇಲೆ ಒಬ್ಬರು ನೆಂಟರು ಬಂದರು, "ಪೇಟೆ ತೋರಿಸು" ಅಂದರು. ರೈಲು ಇಳಿದೆವು. ಆಫೀಸಿನವರೆಗೆ ನಡೆಸಿಕೊಂಡು ಹೋದೆ. ಅಲ್ಲಿಂದ ಮುಂದೆ ನನಗೆ ದಾರಿಯೇ ಗೊತ್ತಿಲ್ಲ! ನಿಲ್ದಾಣದ ಬಾಗಿಲಿನಿಂದ ಆಫೀಸಿನ ಬಾಗಿಲಿಗೆ ಏಳು ನಿಮಿಷದ ನಡಿಗೆ. 26 ವರ್ಷದಲ್ಲಿ ನನಗೆ ಗೊತ್ತಾದ ಪೇಟೆ ಅಷ್ಟೇ. ಸಂಜೆ 5.40ರ ರೈಲು ತಪ್ಪಿದರೆ 6.25ಕ್ಕೆ, ಮನೆಯಲ್ಲಿ ಮಕ್ಕಳು, ಇನ್ನು ಅಡ್ಡಾಡುವುದು ಎಲ್ಲಿ ಬಂತು. ಅದೇ ಆಫೀಸಿನ ಗಂಡಸರು ಕೆಲಸ ಮುಗಿದ ಮೇಲೆ ಗುಂಪು ಕಟ್ಟಿಕೊಂಡು ಸುತ್ತುತ್ತಿದ್ದರು, ಅವರಿಗೆ ಹತ್ತು ಬೀದಿ ಗೊತ್ತಿತ್ತು. ಕೊನೇಸ್ಟಾಪು ಅವರೇ, ನೀವು ಹೋಗದೇ ಪ್ರವಾಸಿ ಆದಿರಿ, ನಾನು ದಿನಾ ಹೋಗಿಯೂ ಪ್ರವಾಸಿ.

ಜಪಾನಿನಲ್ಲಿ ಕೊಬಯಾಶಿ ಇಚಿಜೋ ಅಂತ ಒಬ್ಬರು ರೈಲು ಕಂಪನಿ ನಡೆಸುತ್ತಿದ್ದರು, ಈಗಿನ ಹಾನ್ಕ್ಯೂ. 1910ರಲ್ಲಿ ಒಸಾಕಾದಿಂದ ಹೊರಗೆ ರೈಲು ಬಿಟ್ಟು, ಹಳಿ ಪಕ್ಕದ ಜಾಗದಲ್ಲಿ ಕಂತಿನ ಮೇಲೆ ಮನೆ ಮಾರಿದರು. ಆ ಕಡೆಯ ತುದಿಯಲ್ಲಿ, ತಕರಾಜುಕಾದಲ್ಲಿ, ಹೆಣ್ಣುಮಕ್ಕಳ ಹಾಡು ನಾಟಕದ ತಂಡ ಕಟ್ಟಿದರು. ಅದರ ಮೊದಲ ಪ್ರದರ್ಶನ 1914ರಲ್ಲಿ. 1929ರಲ್ಲಿ ಪೇಟೆ ತುದಿಯ ಉಮೆದಾ ನಿಲ್ದಾಣದಲ್ಲಿ ದೊಡ್ಡ ಬಹುಮಹಡಿ ಅಂಗಡಿ ತೆರೆದರು. ಬೆಳಗ್ಗೆ ಆಫೀಸಿಗೆ ಒಂದು ದಿಕ್ಕಿಗೆ ತುಂಬಿದ ರೈಲು, ಭಾನುವಾರ ಆಟ ನೋಡುವುದಕ್ಕೆ ಇನ್ನೊಂದು ದಿಕ್ಕಿಗೂ ತುಂಬಿ ಓಡಲಿ ಅಂತ. ವ್ಯಾಪಾರಿ ಬುದ್ಧಿಯೇ, ಅದರಲ್ಲಿ ಅನುಮಾನ ಇಲ್ಲ. ಆದರೂ ನನಗೆ ಇಷ್ಟವಾಗುವುದು ಏನೆಂದರೆ, ಹೊರಗಿನ ಬಡಾವಣೆಯವರು ಪೇಟೆಗೆ ದುಡಿಯುವುದಕ್ಕೆ ಮಾತ್ರ ಬರುವವರಲ್ಲ ಅಂತ ಆತನಿಗೆ ಗೊತ್ತಿತ್ತು. ನಮ್ಮ ರೈಲಿನ ವೇಳಾಪಟ್ಟಿ ಮಾಡಿದವರಿಗೆ ಅದು ಗೊತ್ತಿರಲಿಲ್ಲ. ಭಾನುವಾರ ಎರಡು ಗಂಟೆಗೊಂದು ಗಾಡಿ.

ನಾನು ಇಳಿಯುತ್ತಿದ್ದ ನಿಲ್ದಾಣಕ್ಕೆ ಹಿಂದುಗಡೆ ಇನ್ನೊಂದು ಬಾಗಿಲು ಇದೆ. ಅಷ್ಟು ವರ್ಷದಲ್ಲಿ ಒಂದು ಸಲವೂ ಆ ಕಡೆ ಹೊರಗೆ ಬಂದವಳಲ್ಲ.

ಲಾಸ್ಟ್ ಬಸ್

ನಾನು ಬಡಾವಣೆಯಲ್ಲೇ ಹುಟ್ಟಿ ಬೆಳೆದವನು, 20 ವರ್ಷ. ನೀವು ದೊಡ್ಡವರು ಕೆಲಸ, ತೆರಿಗೆ, ಪಾರ್ಕಿಂಗ್ ಅನ್ನುತ್ತಿದ್ದೀರಿ. ನಮ್ಮ ವಯಸ್ಸಿನವರಿಗೆ ನಡುಪೇಟೆ ಅಂದರೆ ಯಾರಿಗೂ ನಮ್ಮ ಗುರುತು ಸಿಗದ ಜಾಗ. ಬಡಾವಣೆಯಲ್ಲಿ ಯಾವ ಅಂಗಡಿ ಮುಂದೆ ನಿಂತರೂ ಅರ್ಧ ಗಂಟೆಯಲ್ಲಿ ಅಪ್ಪನ ಫೋನಿಗೆ ಸುದ್ದಿ. ಪೇಟೆಯಲ್ಲಿ ಮೂರು ಗಂಟೆ ಸುಮ್ನೆ ಮೆಟ್ಟಿಲ ಮೇಲೆ ಕೂತರೂ ಯಾರೂ ಯಾರ ಮಗ ಅಂತ ಕೇಳುವುದಿಲ್ಲ. ಏನೂ ಕೊಳ್ಳುವುದಿಲ್ಲ, ದುಡ್ಡೂ ಇರುವುದಿಲ್ಲ, ಆದರೂ ಹೋಗುತ್ತೇವೆ. ಮಾಲಿನಲ್ಲಿ ಹಾಗೆ ಕೂತರೆ ಸೆಕ್ಯುರಿಟಿ ಎಬ್ಬಿಸುತ್ತಾನೆ.

ಪ್ಯಾರಿಸ್ಸಿನಲ್ಲೂ ಇದೇ ಕಥೆ. ಊರ ಹೊಟ್ಟೆಯ ಹಾಗಿದ್ದ ಲೆ ಆಲ್ ಸಗಟು ಮಾರುಕಟ್ಟೆಯನ್ನು 1969ರಲ್ಲಿ ಹೊರಗಿನ ರನ್ಝೀಸಿಗೆ ಸಾಗಿಸಿದರು. ಖಾಲಿಯಾದ ಜಾಗದ ಕೆಳಗೆ 1977ರಲ್ಲಿ ದೊಡ್ಡ ನಿಲ್ದಾಣ, ಹೊರವಲಯದ ವೇಗದ ರೈಲುಗಳು ಸೇರುವುದು ಅಲ್ಲೇ. ಮಾರುಕಟ್ಟೆ ಹೊರಗೆ ಹೋಯಿತು, ಹೊರಗಿನ ಹುಡುಗರು ಒಳಗೆ ಬಂದರು. ಅಲ್ಲಿ ಗುಂಪಾಗಿ ನಿಲ್ಲುವ ಹೊರವಲಯದ ಹುಡುಗರನ್ನು ಕಂಡರೆ ಪೊಲೀಸರಿಗೂ, ಅಕ್ಕಪಕ್ಕದ ಮನೆಯವರಿಗೂ ಕಿರಿಕಿರಿ. @ಪೇಟೆಬೀದಿ ಮನೆ ಮೇಡಂ, ನೀವು ಬೇಜಾರಾಗಬೇಡಿ, ನಾವು ಕಾರಿನಲ್ಲಿ ಬರುವವರಲ್ಲ.

ನಮಗಿರುವ ತೊಂದರೆ ಒಂದೇ. ಕೊನೆ ಬಸ್ಸು 9.15ಕ್ಕೆ. ಏನೇ ಕಾರ್ಯಕ್ರಮ ಇದ್ದರೂ ಮುಕ್ಕಾಲು ಭಾಗ ನೋಡಿ ಓಡಬೇಕು. ಇವತ್ತಿನವರೆಗೂ ನಾನು ಪೇಟೆಯಲ್ಲಿ ಯಾವ ನಾಟಕದ ಕೊನೆಯನ್ನೂ ನೋಡಿಲ್ಲ.

ಪೇಟೆಬೀದಿ ಮನೆ

ನನ್ನ ಮನೆ ಎದುರಿನ ಗ್ರಂಥಾಲಯದ ಮೆಟ್ಟಿಲ ಮೇಲೆ ಕೂರುವವರು ನೀವೇ ಅಂತ ಕಾಣುತ್ತದೆ. ಕೂತುಕೊಳ್ಳಿ, ತೊಂದರೆ ಇಲ್ಲ. ನೀವಿದ್ದರೆ ಆ ಮೂಲೆಯಲ್ಲಿ ಸ್ವಲ್ಪ ಹೊತ್ತು ಜಾಸ್ತಿ ಬೆಳಕು ಇರುತ್ತದೆ, ಎದುರಿನ ಅಂಗಡಿಯವರು ಬಾಗಿಲು ಹಾಕುವುದಿಲ್ಲ. ಬಾಟಲಿ ಮಾತ್ರ ಬಿಟ್ಟು ಹೋಗಬೇಡಿ.

ಕೊನೇಸ್ಟಾಪು

ಇಷ್ಟೆಲ್ಲ ಬರೆದದ್ದಕ್ಕೆ ಎಲ್ಲರಿಗೂ ಥ್ಯಾಂಕ್ಸ್. ಲಾಸ್ಟ್ ಬಸ್ ಬರೆದದ್ದು ಓದಿ ಹೊಟ್ಟೆಯಲ್ಲಿ ಸ್ವಲ್ಪ ತಳಮಳ ಆಯ್ತು, ಯಾಕೆಂದರೆ ಇನ್ನು ಐದಾರು ವರ್ಷಕ್ಕೆ ನನ್ನ ಮಗಳೂ ಆ ಮೆಟ್ಟಿಲಿಗೆ ಬರುತ್ತಾಳೆ. ಬರಲಿ ಅನ್ನಬೇಕೋ ಬೇಡ ಅನ್ನಬೇಕೋ ಗೊತ್ತಾಗುತ್ತಿಲ್ಲ. ಸದ್ಯಕ್ಕೆ ಒಂದು ತೀರ್ಮಾನ ಮಾಡಿದ್ದೇನೆ. ತಿಂಗಳಿಗೊಂದು ಶನಿವಾರ, ಕಾರು ಬಿಟ್ಟು, ಕೆಲಸ ಅಂತ ಏನೂ ಇಟ್ಟುಕೊಳ್ಳದೆ ಅವಳನ್ನು ಕರೆದುಕೊಂಡು ಹೋಗುವುದು. ಕೆಲಸ ಇಟ್ಟುಕೊಂಡು ಹೋದರೆ ಮತ್ತೆ ಅದೇ ವೃತ್ತಕ್ಕೆ ಮೂರು ಸಲ.

@ಹಳೇ ಪಾಸು ಅಮ್ಮ, ಒಂದು ಕೇಳಬೇಕಿತ್ತು. ಆ ಹಿಂದಿನ ಬಾಗಿಲು ಎಲ್ಲಿಗೆ ತೆರೆಯುತ್ತದೆ?

ಹಳೇ ಪಾಸು

ಇನ್ನೂ ನೋಡಿಲ್ಲ. ಗುರುವಾರ ಹೋಗುತ್ತಿದ್ದೇನೆ.