ಅಪ್ಪನ ಹೆಸರಲ್ಲಿ ಕೇಳದೇ ಕ್ರೆಡಿಟ್ ಕಾರ್ಡ್ ಬಂದಿದೆ, ಎಂತ ಮಾಡುವುದು?

ಪೆರ್ಲದಂವ:
ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ಕೇರಳದ ಕಾಸರಗೋಡು ಜಿಲ್ಲೆಯ ಪೆರ್ಲದಿಂದ ಸ್ವಲ್ಪ ಒಳಗೆ. ನಿನ್ನೆ ಪೋಸ್ಟ್‌ಮ್ಯಾನ್ ಒಂದು ದಪ್ಪ ಕವರ್ ತಂದು ಅಪ್ಪನ ಸೈನ್ ಹಾಕಿಸಿ ಕೊಟ್ಟು ಹೋದ್ರು, ತೆಗೆದು ನೋಡಿದ್ರೆ ಕ್ರೆಡಿಟ್ ಕಾರ್ಡ್. ಲಿಮಿಟ್ 80 ಸಾವಿರ. ಅಪ್ಪನಿಗೆ 71 ವರ್ಷ, ಅಡಿಕೆ ಕೃಷಿ, ಮೊಬೈಲ್ ಅಂದ್ರೆ ಕಾಲ್ ಮಾಡ್ಲಿಕ್ಕೆ ಮಾತ್ರ, ಆ ಬ್ಯಾಂಕಲ್ಲಿ ನಮಗೆ ಅಕೌಂಟೇ ಇಲ್ಲ, ಇರುವುದು ಸೊಸೈಟಿಯಲ್ಲಿ ಒಂದು ಮತ್ತೆ ಪೆನ್ಶನ್ ಬರುವ ಬ್ಯಾಂಕಲ್ಲಿ ಒಂದು. ಅವರು ಅರ್ಜಿ ಹಾಕ್ಲೇ ಇಲ್ಲ ಅಂತಾರೆ, ಒಟಿಪಿ ಕೇಳಿ ಯಾರೂ ಫೋನ್ ಮಾಡ್ಲಿಲ್ಲ ಅಂತಾರೆ.

ಇನ್ನೊಂದು ವಿಚಿತ್ರ. ಕಾರ್ಡಲ್ಲಿ ಅಪ್ಪನ ಹೆಸರಿನ ಕೊನೆಗೆ ಒಂದು 'ನ್' ಉಂಟು. ನಮ್ಮ ಕಡೆಯವರಿಗೆ ಗೊತ್ತಿರ್ತದೆ ಈ ಕಥೆ, ಮಲಯಾಳದಲ್ಲಿ ಬರ್ಕೊಂಡವರು 'ಅ'ಗೆ ಮುಗಿಯುವ ಹೆಸರಿಗೆಲ್ಲ 'ನ್' ಹಾಕಿಬಿಡ್ತಾರೆ. ಅಪ್ಪನ ಹಳೇ ಪಾನ್ ಕಾರ್ಡಲ್ಲಿ ಹಾಗೆಯೇ ಇತ್ತು. ಆಧಾರಲ್ಲಿ 'ನ್' ಇಲ್ಲ. ಅದಕ್ಕೇ 2023ರಲ್ಲಿ ಪಾನ್-ಆಧಾರ್ ಲಿಂಕ್ ಮಾಡ್ಲಿಕ್ಕೆ ಹೋದಾಗ ಹೆಸರು ತಾಳೆ ಆಗ್ಲಿಲ್ಲ ಅಂತ ರಿಜೆಕ್ಟ್ ಆಗಿ, ಪಾನಲ್ಲಿ ಹೆಸರು ಸರಿ ಮಾಡಿಸಿ, 1000 ರೂಪಾಯಿ ಕಟ್ಟಿ ಲಿಂಕ್ ಮಾಡಿದ್ದು. ಈಗ ಕಾರ್ಡಲ್ಲಿ ಪುನಃ ಆ 'ನ್' ಎಲ್ಲಿಂದ ಬಂತು?

ಕವರಲ್ಲಿ ಒಂದು ಕ್ಯೂಆರ್ ಕೋಡ್ ಉಂಟು, ಸ್ಕ್ಯಾನ್ ಮಾಡಿ ಆಕ್ಟಿವೇಟ್ ಮಾಡಿ ಅಂತ. ಮಾಡ್ಲಿಲ್ಲ. ಗೊತ್ತಿದ್ದವರು ಹೇಳಿ.

ಉಪ್ಪಳ_ಬಸ್‌ಸ್ಟ್ಯಾಂಡ್:
ಎಂತ ಟೆನ್ಶನ್ ಮಾರಾಯ್ರೆ, ಕತ್ತರಿಯಲ್ಲಿ ನಾಲ್ಕು ತುಂಡು ಮಾಡಿ ಬಚ್ಚಲ ಒಲೆಗೆ ಹಾಕಿ. ನನಗೂ ಒಂದು ಬಂದಿತ್ತು, ಹಾಗೆಯೇ ಮಾಡಿದ್ದು, ಈಗ ಮೂರು ವರ್ಷ ಆಯ್ತು.

ನಿವೃತ್ತ_ಕ್ಯಾಶಿಯರ್:
ಉಪ್ಪಳದವರೇ, ನಿಮ್ಮದು ಅದೃಷ್ಟ ಅಷ್ಟೇ. ಪೆರ್ಲದವರೇ, ದಯವಿಟ್ಟು ಒಲೆಗೆ ಹಾಕ್ಬೇಡಿ. ಪ್ಲಾಸ್ಟಿಕ್ ಸುಟ್ಟರೂ ಅಕೌಂಟ್ ಹಾಗೆಯೇ ಇರ್ತದೆ, ಮತ್ತೆ ಕಾರ್ಡಿನ ವಿವರ, ಒಟಿಪಿ ಸಿಕ್ಕಿದ್ರೆ ಸಾಕು, ಆನ್‌ಲೈನಲ್ಲಿ ಖರ್ಚು ಮಾಡ್ಲಿಕ್ಕೆ ಕೈಯಲ್ಲಿ ಕಾರ್ಡ್ ಬೇಕಂತಿಲ್ಲ. ನಾನು ಕೌಂಟರಲ್ಲಿ ಕೂತು ಸುಮಾರು ಜನರ ಕಣ್ಣೀರು ನೋಡಿದವ, ಅದಕ್ಕೆ ಸ್ವಲ್ಪ ಉದ್ದ ಬರೀತೇನೆ.

ನನಗೆ ಹೆದರಿಕೆ ಆಗುವುದು ಒಟಿಪಿ ವಿಷಯಕ್ಕೆ. ಅಪ್ಪನ ಫೋನಿಗೆ ಒಂದು ಮೆಸೇಜೂ ಬರ್ಲಿಲ್ಲ ಅಂದ್ರೆ ಅರ್ಜಿಯಲ್ಲಿ ಬೇರೆ ಯಾರದ್ದೋ ನಂಬರ್ ಕೊಟ್ಟಿರ್ತಾರೆ. ಹಾಗಿದ್ರೆ ಆಕ್ಟಿವೇಶನ್ ಒಟಿಪಿ ಕೂಡ ಅಲ್ಲಿಗೇ ಹೋಗ್ತದೆ. ಇವತ್ತೇ ಬ್ಲಾಕ್ ಮಾಡಿಸಿ. ಕವರಲ್ಲಿ ಇರುವ ನಂಬರಿಗೆ ಅಲ್ಲ, ಕ್ಯೂಆರ್ ಅಂತೂ ಮುಟ್ಟಲೇಬೇಡಿ, ಬ್ಯಾಂಕಿನ ವೆಬ್‌ಸೈಟ್ ನೀವೇ ತೆಗೆದು ಅದ್ರಲ್ಲಿ ಇರುವ ನಂಬರಿಗೆ ಮಾಡಿ. ಯಾಕಂದ್ರೆ ಕವರೇ ಸುಳ್ಳಿರ್ಬಹುದು. 2025ರ ಜನವರಿಯಲ್ಲಿ ಪೇಪರಲ್ಲಿ ಬಂದಿತ್ತು ನೋಡಿ, ಬೆಂಗಳೂರಲ್ಲಿ ಒಬ್ಬರಿಗೆ ಕ್ರೆಡಿಟ್ ಕಾರ್ಡ್ ಪಾಸಾಗಿದೆ ಅಂತ ಹೇಳಿ ಹೊಸ ಮೊಬೈಲನ್ನೇ ಗಿಫ್ಟ್ ಕಳಿಸಿ, ಅದಕ್ಕೆ ಸಿಮ್ ಹಾಕಿದ ಮೇಲೆ 2.8 ಕೋಟಿ ತೆಗೆದ್ರು.

ಫೋನಲ್ಲಿ ಕಾರ್ಡ್ "ಕ್ಯಾನ್ಸಲ್ ಮಾಡಿ" ಅಂತ ಮಾತ್ರ ಹೇಳ್ಬೇಡಿ, "ನಾವು ಅರ್ಜಿಯೇ ಹಾಕ್ಲಿಲ್ಲ, ಇದು ಫ್ರಾಡ್" ಅಂತ ಹೇಳಿ, ಅದನ್ನೇ ಇಮೇಲಲ್ಲಿ ಸಹಾ ಬರೆದು ಕಂಪ್ಲೇಂಟ್ ನಂಬರ್ ತೆಗೊಳ್ಳಿ. ಕ್ಯಾನ್ಸಲ್ ಅಂದ್ರೆ ಮೊದ್ಲು ನಿಮ್ಮದೇ ಕಾರ್ಡ್ ಆಗಿತ್ತು ಅಂತ ಆಗ್ತದಲ್ಲ. ರಿಸರ್ವ್ ಬ್ಯಾಂಕಿನ ಕಾರ್ಡ್ ನಿಯಮದಲ್ಲಿ ಕೇಳದೇ ಕಾರ್ಡ್ ಕೊಡುವುದೇ ನಿಷೇಧ. ಹಾಗೆ ಕೊಟ್ಟ ಕಾರ್ಡನ್ನು ಒಪ್ಪಿಗೆ ಇಲ್ಲದೇ ಆಕ್ಟಿವೇಟ್ ಮಾಡಿ ಬಿಲ್ ಹಾಕಿದ್ರೆ ಬ್ಯಾಂಕ್ ಆ ಬಿಲ್ ವಾಪಸ್ ಮಾಡಿ ಅದರ ಎರಡು ಪಾಲು ದಂಡ ನಿಮಗೆ ಕೊಡ್ಬೇಕು. ಕ್ಲೋಸ್ ಮಾಡಿ ಅಂತ ಕೇಳಿದ್ರೆ 7 ವರ್ಕಿಂಗ್ ಡೇ ಒಳಗೆ ಮಾಡ್ಬೇಕು, ಬಾಕಿ ಇಲ್ಲದಿದ್ರೆ ತಡ ಆದ ದಿನಕ್ಕೆ 500 ರೂಪಾಯಿ. ಬಿಲ್ ಬಂದ್ರೆ "ಸಣ್ಣ ಮೊತ್ತ, ಕಟ್ಟಿಬಿಡುವ" ಅಂತ ಒಂದು ರೂಪಾಯಿ ಕೂಡ ಕಟ್ಬೇಡಿ.

ಮತ್ತೆ ಅಪ್ಪನ ಹೆಸರಲ್ಲಿ ಇರುವ ಸಾಲ, ಕಾರ್ಡುಗಳ ಲೆಕ್ಕ ತೋರಿಸುವ ಸಿಬಿಲ್ ರಿಪೋರ್ಟ್ ತೆಗೀರಿ. ಸಿಬಿಲ್, ಎಕ್ಸ್‌ಪೀರಿಯನ್, ಇಕ್ವಿಫ್ಯಾಕ್ಸ್, ಕ್ರಿಫ್ ಹೈಮಾರ್ಕ್, ಈ ಲೆಕ್ಕ ಇಡುವ ನಾಲ್ಕು ಕಂಪನಿಯಲ್ಲೂ ವರ್ಷಕ್ಕೆ ಒಂದು ಪೂರ್ತಿ ರಿಪೋರ್ಟ್ ಫ್ರೀ. ಜನ ಸ್ಕೋರ್ ಮಾತ್ರ ನೋಡ್ತಾರೆ. ನೀವು ಕೆಳಗೆ ಎನ್‌ಕ್ವಯರಿ ಅಂತ ಇರುವುದನ್ನು ನೋಡಿ, ಯಾವ ತಾರೀಕಿಗೆ ಯಾವ ಬ್ಯಾಂಕ್ ಅಪ್ಪನ ಹೆಸರಲ್ಲಿ ವಿಚಾರಿಸಿದೆ ಅಂತ ಇರ್ತದೆ, ಫೋನ್ ನಂಬರ್, ಅಡ್ರೆಸ್ ಸಹಾ ಇರ್ತದೆ.

'ನ್' ವಿಷಯ ನೀವು ಹಿಡಿದದ್ದು ಬಹಳ ಒಳ್ಳೇದಾಯ್ತು. 2023ಕ್ಕಿಂತ ಮೊದ್ಲಿನ ಪಾನ್ ಕಾಪಿ ಮುಂದೆ ಇಟ್ಕೊಂಡು ಯಾರೋ ಅರ್ಜಿ ತುಂಬಿಸಿದ್ದಾರೆ. ಆ ಕಾಪಿ ಎಲ್ಲೆಲ್ಲ ಕೊಟ್ಟಿದ್ರಿ ಅಂತ ಅಪ್ಪನ ಹತ್ರ ಕೂತು ನೆನಪು ಮಾಡಿ. ಈಗ ಆ ಹೆಸರಿನ ಪಾನೇ ಇಲ್ಲ, ಮತ್ತೆ ನೀವು ಎಂತ ವೆರಿಫೈ ಮಾಡಿದ್ದು ಅಂತ ಬ್ಯಾಂಕಿನವರನ್ನು ಕೇಳಿ, ಉತ್ತರ ಕೊಡ್ಲಿಕ್ಕೆ ಅವರಿಗೆ ಕಷ್ಟ ಉಂಟು.

ಬದಿಯಡ್ಕ_ಟೀಚರ್:
ಎಲ್ಲವೂ ಕಳ್ಳರದ್ದೇ ಆಗ್ಬೇಕಂತಿಲ್ಲ. ನಮ್ಮ ಭಾವನಿಗೆ ಮಂಗಳೂರಲ್ಲಿ ಮಾಲ್ ಒಳಗೆ ಒಂದು ಹುಡುಗ "ಸರ್ ಬರೀ ಎಲಿಜಿಬಿಲಿಟಿ ಚೆಕ್" ಅಂತ ಹೇಳಿ ಪಾನ್ ನಂಬರ್ ತೆಗೊಂಡು, ಹದಿನೈದು ದಿನಕ್ಕೆ ಕಾರ್ಡ್ ಮನೆಗೇ ಬಂತು. ಟಾರ್ಗೆಟ್ ಅಂತೆ ಅವರಿಗೆ. ಆದ್ರೆ ಅದ್ರಲ್ಲಿ ಫೋನ್ ನಂಬರ್ ಭಾವನದ್ದೇ ಇತ್ತು, ನಿಮ್ಮದು ಹಾಗಲ್ಲ ಅಂತ ಕಾಣ್ತದೆ.

ಅಪ್ಪನ ಹೆಸರಲ್ಲಿ ಬೇರೆ ಸಿಮ್ ಎಷ್ಟುಂಟು ಅಂತ ಸರ್ಕಾರದ ಸಂಚಾರ್ ಸಾಥಿ ವೆಬ್‌ಸೈಟಲ್ಲಿ ನೋಡಿ, ಗೊತ್ತಿಲ್ಲದ ನಂಬರ್ ಇದ್ರೆ ಅದ್ರಲ್ಲೇ "ನನ್ನದಲ್ಲ" ಅಂತ ಕೊಡ್ಬಹುದು. ಆಧಾರ್ ಬಯೋಮೆಟ್ರಿಕ್ ಕೂಡ ಲಾಕ್ ಮಾಡಿಡಿ, ಆದ್ರೆ ರೇಶನ್ ಅಂಗಡಿಯಲ್ಲಿ ಬೆರಳು ಇಡುವ ದಿನ ತೆಗೀಲಿಕ್ಕೆ ನೆನಪಿರ್ಲಿ, ನಾವು ಮರೆತು ಅಕ್ಕಿ ಇಲ್ಲದೇ ವಾಪಸ್ ಬಂದದ್ದುಂಟು 😄

ಪೆರ್ಲದಂವ:
ಕ್ಯಾಶಿಯರ್ ಅಣ್ಣ, ಟೀಚರ್, ತುಂಬ ಉಪಕಾರ ಆಯ್ತು. ನಿನ್ನೆಯೇ ಬ್ಲಾಕ್ ಮಾಡಿಸಿದೆ, ಅರ್ಧ ಗಂಟೆ ಹಿಂದಿ ಹಾಡು ಕೇಳಿಸಿದ್ರು. ರಿಜಿಸ್ಟರ್ ಆದ ನಂಬರ್ ಪೂರ್ತಿ ಹೇಳ್ಲಿಲ್ಲ, ಕೊನೆಯ ಎರಡು ಅಂಕೆ ಹೇಳಿದ್ರು, ಅಪ್ಪನದ್ದೂ ಅಲ್ಲ, ನಮ್ಮ ಮನೆಯಲ್ಲಿ ಯಾರದ್ದೂ ಅಲ್ಲ. ಖರ್ಚು ಏನೂ ಆಗ್ಲಿಲ್ಲ, ಅಷ್ಟು ಸಮಾಧಾನ. ಬ್ರಾಂಚಿಗೆ ಹೋದ್ರೆ ಕಾರ್ಡ್ ಡಿಪಾರ್ಟ್‌ಮೆಂಟ್ ಬೇರೆ, ನಮಗೆ ಸಂಬಂಧ ಇಲ್ಲ ಅಂತ ಕೈ ಅಲ್ಲಾಡಿಸಿದ್ರು.

ರಿಪೋರ್ಟಲ್ಲಿ ಈ ಕಾರ್ಡ್ ಅಲ್ಲದೇ ಇನ್ನೊಂದು ಎನ್‌ಕ್ವಯರಿ ಉಂಟು, ಯಾವುದೋ ಸಾಲದ ಆಪ್, ಅದೇ ವಾರದ್ದು. ಹಳೇ ಪಾನ್ ಕಾಪಿ ಕೊಟ್ಟದ್ದು ಅಪ್ಪನ ನೆನಪಲ್ಲಿ ಎರಡೇ ಕಡೆ. ಅಕ್ಕನ ಮದುವೆಗೆ ಚಿನ್ನ ತೆಗೊಂಡಾಗ 2 ಲಕ್ಷದ ಮೇಲೆ ಆದ ಕಾರಣ ಕೇಳಿದ್ರು, ಅದು ಒಂದು. ಇನ್ನೊಂದು, ಹೇಳ್ಲಿಕ್ಕೆ ನಾಚಿಕೆ ಆಗ್ತದೆ, ಲಿಂಕ್ ಮಾಡ್ಲಿಕ್ಕೆ ಅಂತ ನಾನೇ ಪಾನ್, ಆಧಾರ್, ಪಾಸ್‌ಬುಕ್, ಫೋಟೋ ಎಲ್ಲ ಒಂದು ಪ್ರಿಂಟ್ ತೆಗೆಯುವ ಅಂಗಡಿಯ ವಾಟ್ಸಾಪಿಗೆ ಕಳಿಸಿದ್ದು. ಅವರೇ ಮಾಡಿದ್ದು ಅಂತ ಹೇಳುವುದಿಲ್ಲ, ಆ ಕಂಪ್ಯೂಟರಲ್ಲಿ ಎಷ್ಟು ಜನ ಕೂರ್ತಾರೋ.

ಪೊಲೀಸ್ ಕಂಪ್ಲೇಂಟ್ ಕನ್ನಡದಲ್ಲಿ ಕೊಟ್ರೆ ತೆಗೊಳ್ತಾರಾ? ಅಪ್ಪನಿಗೆ ಮಲಯಾಳ ಮಾತಾಡ್ಲಿಕ್ಕೆ ಬರ್ತದೆ, ಬರೀಲಿಕ್ಕೆ ಓದ್ಲಿಕ್ಕೆ ಬರುವುದಿಲ್ಲ.

ಕುಂಬಳೆ_ವಕೀಲರ_ಗುಮಾಸ್ತ:
ತೆಗೊಳ್ಬೇಕು. ಕನ್ನಡ ಅಲ್ಪಸಂಖ್ಯಾತ ಪ್ರದೇಶದಲ್ಲಿರುವ ಸರ್ಕಾರಿ ಆಫೀಸುಗಳ ಜೊತೆ ಕನ್ನಡದಲ್ಲೇ ವ್ಯವಹಾರ ಮಾಡ್ಬಹುದು ಅಂತ ಕೇರಳದ ಭಾಷಾ ಕಾನೂನಲ್ಲೇ ಉಂಟು. ಸ್ಟೇಶನಲ್ಲಿ ಮುಖ ಗಂಟು ಹಾಕಿದ್ರೂ ಬಿಡ್ಬೇಡಿ, ಅಪ್ಪನಿಗೆ ಓದ್ಲಿಕ್ಕೆ ಆಗದ ಕಾಗದಕ್ಕೆ ಸೈನ್ ಹಾಕಿಸ್ಬೇಡಿ. ದುಡ್ಡು ಹೋಗಿದ್ರೆ ಕೂಡ್ಲೇ ಸೈಬರ್ ವಂಚನೆಯ ಹೆಲ್ಪ್‌ಲೈನ್ 1930ಕ್ಕೆ ಫೋನ್ ಮಾಡ್ಬೇಕು, ನಿಮ್ಮದು ಹೋಗ್ಲಿಲ್ಲ, ಹಾಗಾಗಿ ಸೈಬರ್ ಕ್ರೈಂ ಪೋರ್ಟಲಲ್ಲಿ ಹಾಕಿ ಅದರ ಪ್ರಿಂಟ್ ತೆಗೊಂಡು ಸ್ಟೇಶನಿಗೆ ಹೋಗಿ. ಸಾಲದ ಆಪಿನವರಿಗೂ ಒಂದು ಮೇಲ್ ಹಾಕಿ, ಸಾಲ ಪಾಸ್ ಆಗಿದ್ರೆ ನಾಳೆ ಅಪ್ಪನಿಗೇ ಫೋನ್ ಮಾಡಿ ಬೈಲಿಕ್ಕೆ ಶುರು ಮಾಡ್ತಾರೆ.

ಬ್ಯಾಂಕ್ 30 ದಿನದಲ್ಲಿ ಉತ್ತರ ಕೊಡದಿದ್ರೆ ಅಥವಾ ಕೊಟ್ಟ ಉತ್ತರ ಸರಿ ಕಾಣದಿದ್ರೆ ಬ್ಯಾಂಕಿನ ಮೇಲಿನ ದೂರು ನೋಡುವ ರಿಸರ್ವ್ ಬ್ಯಾಂಕ್ ಓಂಬುಡ್ಸ್‌ಮನ್‌ಗೆ ಕೊಡಿ, ಅದಕ್ಕೆ ಫೀಸಿಲ್ಲ, ವಕೀಲರೂ ಬೇಡ (ನಮ್ಮ ಸಾರ್ ಇದನ್ನು ಓದದಿರ್ಲಿ).

ಪೆರ್ಲದಂವ:
ಆಯ್ತು, ನಾಳೆ ಸ್ಟೇಶನಿಗೆ ಹೋಗ್ತೇನೆ. ಅಪ್ಪ ಕಾರ್ಡನ್ನು ಹಳೇ ರೇಶನ್ ಕಾರ್ಡ್ ಒಟ್ಟಿಗೆ ಕಪಾಟಲ್ಲಿ ಇಟ್ಟು ಬೀಗ ಹಾಕಿದ್ದಾರೆ. ಇನ್ನು ಕತ್ತರಿಸ್ಬಹುದಾ?

ನಿವೃತ್ತ_ಕ್ಯಾಶಿಯರ್:
ಪೊಲೀಸಿನವರು ನೋಡ್ಲಿ, ಬ್ಯಾಂಕಿಂದ ಕ್ಲೋಸ್ ಆಯ್ತು ಅಂತ ಲೆಟರ್ ಬರ್ಲಿ. ಕವರ್ ಸಹಾ ಬಿಸಾಡ್ಬೇಡಿ, ಅದ್ರಲ್ಲಿ ಬುಕ್ ಮಾಡಿದ ತಾರೀಕುಂಟು. ಆಮೇಲೆ ಉಪ್ಪಳದವರನ್ನು ಕತ್ತರಿ ಹಿಡ್ಕೊಂಡು ಬರ್ಲಿಕ್ಕೆ ಹೇಳುವ.